ಗಾಯರಾಣ ಯಾರ ಸೊತ್ತು?



ಪರಿಸರ ಕಾನೂನು ಎಂದಾಕ್ಷಣ ಬಂಡೀಪುರ, ನಾಗರಹೊಳೆಗಳ ದಟ್ಟ ಕಾಡು ನಮ್ಮ ಕಣ್ಣ ಮುಂದೆ ಸುಳಿಯುತ್ತದೆ. ಬೀದರ್ ಜಿಲ್ಲೆಯಲ್ಲಿ ಅಂತಹ ಕಾಡಿಲ್ಲ. ಆದ್ದರಿಂದ ಆ ಕಾನೂನಿಗೂ ನಮಗೂ ಸಂಬಂಧವಿಲ್ಲವೆಂದು ಭಾವಿಸಿದ್ದೇವೆ. ವಾಸ್ತವದಲ್ಲಿ ಭಾಲ್ಕಿ, ಔರಾದ್ ತಾಲೂಕುಗಳ ಬಯಲಿನಲ್ಲಿ ಕೃಷ್ಣಮೃಗಗಳು ಇಂದಿಗೂ ಮೇಯುತ್ತಿವೆ. ಅವು ದಟ್ಟ ಕಾಡಿನವಲ್ಲ, ತೆರೆದ ಹುಲ್ಲುಗಾವಲಿನ ಪ್ರಾಣಿಗಳು. ಓಟವೇ ಅವುಗಳ ರಕ್ಷಣೆ. ಓಡಲು ಬಯಲು ಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕೃಷ್ಣಮೃಗವನ್ನು ಹುಲಿ, ಆನೆಗಳ ಜೊತೆ ಒಂದನೇ ಅನುಸೂಚಿಯಲ್ಲಿರಿಸಿದೆ. ಬೇಟೆಯಾಡಿದವನಿಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. 2022ರ ತಿದ್ದುಪಡಿಯು ದಂಡವನ್ನು ಕನಿಷ್ಠ 25,000 ರೂಪಾಯಿಗೆ ಏರಿಸಿತು. ಆದರೆ ಮೇಯುವ ನೆಲವನ್ನೇ ಕಳೆದುಕೊಂಡ ಮೃಗವನ್ನು ಈ ಶಿಕ್ಷೆ ಬದುಕಿಸದು.

ಆ ನೆಲ ಯಾವುದು? ಬಹುಮಟ್ಟಿಗೆ ನಮ್ಮ ಗಾಯರಾಣ. ಹಳ್ಳಿಯ ದನಕರುಗಳ ಮೇವಿಗಾಗಿ ಮೀಸಲಾದ ಸರಕಾರಿ ಭೂಮಿ. ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೀಸಲಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳಿವೆ. ಮರಗಳಿಲ್ಲವೆಂಬ ಕಾರಣಕ್ಕೆ ಅದನ್ನು ಪಾಳುಭೂಮಿ ಎನ್ನುವವರಿದ್ದಾರೆ. ಬಲಾಢ್ಯನೊಬ್ಬ ಅದಕ್ಕೆ ಬೇಲಿ ಹಾಕುತ್ತಾನೆ. ಮೇವು ಕಳೆದುಕೊಂಡ ಮೃಗ ಪಕ್ಕದ ಸೋಯಾ, ಉದ್ದಿನ ಹೊಲಕ್ಕೆ ನುಗ್ಗುತ್ತದೆ. ರಾತ್ರಿಯಿಡೀ ಹೊಲ ಕಾಯುವ ಬಡ ರೈತ ಮೃಗವನ್ನು ಶಪಿಸುತ್ತಾನೆ. ಬೇಲಿ ಹಾಕಿದವನನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಇದು ನ್ಯಾಯವೇ?

2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಹಳ್ಳಿಯ ಸಾರ್ವಜನಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವ ಯೋಜನೆ ರೂಪಿಸಲು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ದೀರ್ಘಕಾಲದ ಸ್ವಾಧೀನವಾಗಲಿ, ಕಟ್ಟಡಕ್ಕೆ ಸುರಿದ ಹಣವಾಗಲಿ, ರಾಜಕೀಯ ನಂಟಾಗಲಿ ಸಮರ್ಥನೆಯಾಗದು ಎಂದಿತು. ಭೂರಹಿತ ಕಾರ್ಮಿಕರಿಗೆ, ಪರಿಶಿಷ್ಟರಿಗೆ ಸರಕಾರವೇ ಗುತ್ತಿಗೆ ನೀಡಿದಂತಹ ಪ್ರಕರಣಗಳಿಗೆ ವಿನಾಯಿತಿಯ ಅವಕಾಶವಿರಿಸಿತು. ಆದ್ದರಿಂದ ತೆರವು ಬಡವನ ಗುಡಿಸಲಿನಿಂದ ಆರಂಭವಾಗಿ ಅಲ್ಲಿಗೇ ಮುಗಿಯಬಾರದು.

ಬೀದರ್ ನಗರವಾಸಿಗಳಾದ ನಾವೂ ಇದರಿಂದ ಹೊರತಲ್ಲ. ಬಹಮನಿಯರು 15ನೇ ಶತಮಾನದಲ್ಲಿ ತೋಡಿಸಿದ ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿಯ ಗಾಳಿಕಿಂಡಿಗಳು ಕಾಲಕ್ರಮೇಣ ಮಣ್ಣು, ಕಟ್ಟಡಗಳಡಿ ಮುಚ್ಚಿಹೋಗಿದ್ದವು. ಮೇಲಿನ ಬಯಲು ಮಳೆನೀರನ್ನು ಇಂಗಿಸದಿದ್ದರೆ ಕೆಳಗಿನ ಸುರಂಗಕ್ಕೆ ನೀರೆಲ್ಲಿಂದ ಬರಬೇಕು?

ದಾರಿ ಇಲ್ಲದಿಲ್ಲ. 2002ರ ತಿದ್ದುಪಡಿಯು ಸರಕಾರಿ ಭೂಮಿಯನ್ನು, ಸ್ಥಳೀಯರೊಡನೆ ಸಮಾಲೋಚಿಸಿ, ಸಂರಕ್ಷಣಾ ಮೀಸಲು ಎಂದು ಘೋಷಿಸಲು ಅವಕಾಶ ನೀಡಿತು. ಅದರ ಸಲಹಾ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಯೂ ಇರಬೇಕು. ಮಧುಗಿರಿ ತಾಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಹೀಗೆಯೇ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು.

ಸಹೋದರ ಸಹೋದರಿಯರೇ, ನಮ್ಮಲ್ಲಿ ಅನೇಕರ ಬೇರು ಹಳ್ಳಿಯಲ್ಲಿದೆ. ಮುಂದಿನ ಗ್ರಾಮಸಭೆಗೆ ಹೋಗಿ. ಗಾಯರಾಣದ ಪಹಣಿ ತರಿಸಿ, ಅಳತೆ ಮಾಡಿಸಲು ಒತ್ತಾಯಿಸಿ. ಬೆಳೆ ಕಳೆದುಕೊಂಡ ರೈತನ ಪರಿಹಾರದ ಅರ್ಜಿಯನ್ನು ಬರೆದುಕೊಡಿ. ಮೂಕ ಮೃಗ ಅರ್ಜಿ ಸಲ್ಲಿಸಲಾರದು. ಅದರ ಪರವಾಗಿಯೂ ಕೇಳಬೇಕಾದವರು ನಾವೇ.