ಕಡಲ ತಳದ ತಂತಿಗೆ ಕಾವಲು ಯಾರು?

(ಸಂಸೆಯ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಕುದುರೆಮುಖದ ತಪ್ಪಲಿನ ಈ ಸಂಸೆಗೂ ಸಮುದ್ರದ ತಳಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಪಣಂಬೂರಿನ ಕಡಲ ದಡ ಸೇರುತ್ತಿದ್ದ ಕಾಲವನ್ನು ಕಂಡವರು ನಾವು. ಆಗ ಮಾಲು ಕೆಳಗಿಳಿಯುತ್ತಿತ್ತು. ಈಗ ಧಾರಣೆ ಮೇಲೇರಿ ಬರುತ್ತಿದೆ. ನಮ್ಮ ಕಣದಲ್ಲಿ ಒಣಗುವ ರೊಬಸ್ಟಾದ ಬೆಲೆ ಲಂಡನ್ನಿನ ಪೇಟೆಯನ್ನು ನೋಡಿ ಏರಿಳಿಯುತ್ತದೆ. ಅರೇಬಿಕಾದ್ದು ನ್ಯೂಯಾರ್ಕನ್ನು ನೋಡಿ. ಆ ಸುದ್ದಿ ಕಳಸದ ವ್ಯಾಪಾರಿಯ ಫೋನಿಗೆ ಬರುವುದು ಆಕಾಶದಿಂದಲ್ಲ, ಕಡಲ ತಳದ ತಂತಿಯಿಂದ. ದೇಶದೇಶಗಳ ನಡುವೆ ಇಂಟರ್‌ನೆಟ್ಟಿನಲ್ಲಿ ಹರಿಯುವುದರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಸಾಗುವುದು ಈ ದಾರಿಯಲ್ಲೇ.

ಈ ತಂತಿ ಎಂಥದು? ಆಳ ಕಡಲಲ್ಲಿ ಅದು ಗಿಡಕ್ಕೆ ನೀರು ಬಿಡುವ ಪೈಪಿನಷ್ಟು ದಪ್ಪ. ಒಳಗೆ ಕೂದಲಿನಂಥ ಗಾಜಿನ ಎಳೆ. ಅದರಲ್ಲಿ ಓಡುವುದು ಬೆಳಕು. ದಡದ ಹತ್ತಿರ ಉಕ್ಕಿನ ಸರಿಗೆ ಸುತ್ತಿ ಮಣ್ಣಲ್ಲಿ ಹೂಳುತ್ತಾರೆ. ಆದರೂ ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಸಲ ತಂತಿ ಕೆಡುತ್ತದೆ. ಬಹುಪಾಲಿಗೆ ಕಾರಣ ಹಡಗಿನ ಲಂಗರು ಮತ್ತು ಮೀನುಗಾರಿಕೆ. 2008ರ ಜನವರಿಯಲ್ಲಿ ಅಲೆಕ್ಸಾಂಡ್ರಿಯದ ಬಳಿ ತಂತಿ ಕಡಿದಾಗ ಭಾರತದ ಇಂಟರ್‌ನೆಟ್ ಸುಮಾರು ಅರ್ಧಕ್ಕೆ ಕುಗ್ಗಿತು. 2024ರಲ್ಲಿ ಕೆಂಪು ಸಮುದ್ರದಲ್ಲಿ ಮೂರು ತಂತಿ ಹರಿದವು. ದಾಳಿಗೆ ಸಿಕ್ಕ ಹಡಗಿನ ಲಂಗರು ಎಳೆದದ್ದೇ ಕಾರಣವೆಂದು ಅಮೆರಿಕದ ಅಧಿಕಾರಿಗಳು ಹೇಳಿದರು.

ಸರಕಾರಗಳು ಸುಮ್ಮನಿಲ್ಲ. 1884ರಲ್ಲೇ ಪ್ಯಾರಿಸ್ಸಿನಲ್ಲಿ ಒಪ್ಪಂದವಾಯಿತು: ಬೇಕೆಂದಾಗಲಿ, ಅಲಕ್ಷ್ಯದಿಂದಾಗಲಿ ತಂತಿ ಕಡಿದರೆ ಅಪರಾಧ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಅದನ್ನೇ ಮುಂದುವರಿಸಿತು; 1995ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಆಸ್ಟ್ರೇಲಿಯ ಸಿಡ್ನಿ, ಪರ್ತ್‌ಗಳ ಬಳಿ ರಕ್ಷಿತ ವಲಯ ಮಾಡಿದೆ. ನಮ್ಮಲ್ಲಿ 2023ರ ಲೆಕ್ಕದಂತೆ 17 ಅಂತರರಾಷ್ಟ್ರೀಯ ತಂತಿಗಳು ಮುಂಬಯಿ, ಕೊಚ್ಚಿ, ತಿರುವನಂತಪುರ, ತೂತ್ತುಕುಡಿ, ಚೆನ್ನೈಗಳಲ್ಲಿ ದಡ ಸೇರುತ್ತವೆ. ಕರ್ನಾಟಕದಲ್ಲಿ ಒಂದೂ ಇಲ್ಲ. ಅದೇ ವರ್ಷ ಟ್ರಾಯ್ ಈ ತಂತಿಯ ಕೆಲಸವನ್ನು ಅಗತ್ಯ ಸೇವೆಯೆಂದು ಪರಿಗಣಿಸಲು ಶಿಫಾರಸು ಮಾಡಿತು. ಹೊಸ ದೂರಸಂಪರ್ಕ ಕಾಯಿದೆಯೂ ಬಂತು.

ಕಾವಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾವಲಿನ ಭಾರ ಯಾರ ಹೆಗಲಿಗೆ? ಮಲ್ಪೆ, ಮಂಗಳೂರಿನ ಬೋಟುಗಳು ಮಹಾರಾಷ್ಟ್ರದ ಕಡಲತನಕ ಹೋಗುತ್ತವೆ. ಬಲೆ ತಂತಿಗೆ ಸಿಕ್ಕಿದರೆ ಎಳೆದವನು ಅಪರಾಧಿಯಾಗಬಹುದು. ಬಲೆ ಕಡಿದು ಬಿಟ್ಟವನು ಸಾಲಗಾರ. 1884ರ ಒಪ್ಪಂದದಲ್ಲೂ 1982ರದರಲ್ಲೂ ಒಂದು ನ್ಯಾಯದ ಮಾತಿದೆ: ಮುನ್ನೆಚ್ಚರಿಕೆ ವಹಿಸಿಯೂ, ತಂತಿ ಉಳಿಸಲು ಬಲೆಯನ್ನೋ ಲಂಗರನ್ನೋ ಕಳೆದುಕೊಂಡವನಿಗೆ ತಂತಿಯ ಒಡೆಯ ಪರಿಹಾರ ಕೊಡಬೇಕು. ಶಿಕ್ಷೆಯ ಕಲಮಿನಷ್ಟೇ ಗಟ್ಟಿಯಾಗಿ ಈ ಕಲಮನ್ನೂ ಬಂದರು ಬಂದರುಗಳಲ್ಲಿ ಓದಿ ಹೇಳಬೇಕು.

ಆದ್ದರಿಂದ ನಮ್ಮ ಬೇಡಿಕೆ ಮೂರು. ತಂತಿಯ ಹಾದಿಯ ನಕಾಶೆ ಕನ್ನಡದಲ್ಲಿ ಪ್ರತಿ ಮೀನುಗಾರಿಕೆ ಬಂದರಿಗೂ ಬರಲಿ. ಕಳೆದ ಬಲೆಯ ಪರಿಹಾರ ಅಲೆದಾಟವಿಲ್ಲದೆ ಸಿಗಲಿ. ದುರಸ್ತಿಗೆ ಪರದೇಶದ ಹಡಗಿಗೆ ಕಾಯುವುದು ತಪ್ಪಲಿ, ಸಾರ್ವಜನಿಕ ಒಡೆತನದ ಹಡಗು ನಮ್ಮ ದಡದಲ್ಲೇ ನಿಲ್ಲಲಿ.

ತಂತಿ ಕಡಿದ ದಿನ ದೊಡ್ಡ ವ್ಯಾಪಾರಿಗೆ ಬೇರೆ ದಾರಿಗಳಿರುತ್ತವೆ. ಎರಡು ಎಕರೆ ತೋಟದವನು ಯಾರೋ ಹೇಳಿದ ದರಕ್ಕೆ ಚೀಲ ಕೊಡಬೇಕಾಗುತ್ತದೆ. ಕಡಲಿನ ಮೊಗವೀರನ ಬೇಡಿಕೆಗೆ ಘಟ್ಟದ ಮೇಲಿನ ನಾವೂ ದನಿಗೂಡಿಸಬೇಕಾದದ್ದು ಇದಕ್ಕಾಗಿ.