‘ಐ ಬಿಲೀವ್’ ಎಂದರೆ ನಂಬಿಕೆಯೇ?

ರೈಲು ನಿಲ್ದಾಣಕ್ಕೆ ಏದುಸಿರು ಬಿಡುತ್ತ ಬಂದ ಪ್ರಯಾಣಿಕನೊಬ್ಬ ಅಲ್ಲಿ ನಿಂತವರನ್ನು ಇಂಗ್ಲಿಷಿನಲ್ಲಿ ಕೇಳುತ್ತಾನೆ: ಗಾಡಿ ಹೊರಟುಹೋಯಿತೆ? ‘ಐ ಬಿಲೀವ್ ಇಟ್ ಹ್ಯಾಸ್ ಗಾನ್’ ಎಂದು ಉತ್ತರ ಬರುತ್ತದೆ. ಇದನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ‘ಅದು ಹೋಗಿದೆ ಎಂದು ನಾನು ನಂಬುತ್ತೇನೆ’ ಎಂದಾಗುತ್ತದೆ. ನಿಲ್ದಾಣದಲ್ಲಿ ಹಾಗೆ ಮಾತನಾಡುವ ಕನ್ನಡಿಗ ಸಿಗಲಾರ. ‘ಹೋಗಿರಬೇಕು’ ಎಂದಷ್ಟೇ ಹೇಳಿ ಮುಗಿಸುತ್ತಾನೆ. ಪ್ರಯಾಣಿಕನಿಗೆ ಬೇಕಾದದ್ದು ಗಾಡಿಯ ಸಮಾಚಾರ, ಉತ್ತರ ಕೊಟ್ಟವನ ಮನಸ್ಸಿನ ಸಮಾಚಾರವಲ್ಲ. ಉತ್ತರ ಕೊಟ್ಟವನು ಹೇಳಿದ್ದೂ ಗಾಡಿಯ ವಿಚಾರವನ್ನೇ. ‘ಐ ಬಿಲೀವ್’ ಎಂಬ ಎರಡು ಪದಗಳಿಂದ ಅವನು ಸೇರಿಸಿದ್ದು ಒಂದು ಎಚ್ಚರಿಕೆಯನ್ನು ಮಾತ್ರ: ಮಾತಿಗೆ ಪೂರ್ತಿ ಹೊಣೆ ಹೊರಲಾರೆ, ಬೇಕಾದರೆ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಇಂಗ್ಲೆಂಡಿನ ತತ್ತ್ವಜ್ಞಾನಿ ಜೆ. ಓ. ಅರ್ಮ್‌ಸನ್ 1952ರಲ್ಲಿ ‘ಮೈಂಡ್’ ಪತ್ರಿಕೆಗೆ ಬರೆದ ಲೇಖನವೊಂದರಲ್ಲಿ ಇಂಥ ಕ್ರಿಯಾಪದಗಳನ್ನು ಒಂದು ಗುಂಪಿಗೆ ಸೇರಿಸಿದರು. ಬಿಲೀವ್, ನೋ, ಸಪೋಸ್, ಗೆಸ್ ಮೊದಲಾದವು ಆ ಗುಂಪಿನವು. ವಾಕ್ಯದ ಆದಿಯಲ್ಲೇ ಕೂರಬೇಕೆಂಬ ಹಟ ಇವಕ್ಕಿಲ್ಲ. ‘ಇಟ್ ಹ್ಯಾಸ್, ಐ ಬಿಲೀವ್, ಗಾನ್’ ಎಂದು ನಡುವೆ ತೂರಿಸಬಹುದು, ಕೊನೆಗೆ ಅಂಟಿಸಲೂಬಹುದು. ಆವರಣ ಚಿಹ್ನೆಯೊಳಗಿನ ಮಾತಿನಂತೆ ಅವು ಮುಖ್ಯ ವಿಷಯದ ಪಕ್ಕದಲ್ಲಿ ನಿಂತು, ಆಡಿದ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬ ಸೂಚನೆಯನ್ನು ಕೇಳುಗನಿಗೆ ಕೊಡುತ್ತವೆ.

ಆದರೆ ಕರ್ತೃವನ್ನು ಬದಲಾಯಿಸಿ ನೋಡಿ. ‘ಹೀ ಬಿಲೀವ್ಸ್ ಇಟ್ ಹ್ಯಾಸ್ ಗಾನ್’ ಎಂದರೆ ಮಾತಿನ ವಿಷಯ ಗಾಡಿಯಲ್ಲ, ಆ ಮನುಷ್ಯ. ಅವನ ತಲೆಯಲ್ಲಿ ಹೀಗೊಂದು ಅಭಿಪ್ರಾಯ ಇದೆ ಎಂಬ ವರದಿ ಅದು. ಹೇಳುತ್ತಿರುವವನು ಅದನ್ನು ಒಪ್ಪಬೇಕಾಗಿಲ್ಲ. ‘ಪಾಪ, ಹಾಗಂದುಕೊಂಡಿದ್ದಾನೆ’ ಎಂಬ ಕುಹಕವೂ ಕೆಲವೊಮ್ಮೆ ಅದರಲ್ಲಿ ಅಡಗಿರುತ್ತದೆ. ಪದ ಅದೇ, ಕೆಲಸ ಬೇರೆ.

ಕೇಂಬ್ರಿಜ್‌ನ ಜಿ. ಇ. ಮೂರ್ ಈ ಬಿರುಕನ್ನು ಎಲ್ಲರಿಗೂ ಕಾಣುವಂತೆ ತೋರಿಸಿದರು. ‘ಮಳೆ ಬರುತ್ತಿದೆ, ಆದರೆ ಅವನು ಅದನ್ನು ನಂಬುತ್ತಿಲ್ಲ’ ಎಂಬುದು ಸರಿಯಾದ ಮಾತು. ‘ಮಳೆ ಬರುತ್ತಿದೆ, ಆದರೆ ನಾನು ಅದನ್ನು ನಂಬುತ್ತಿಲ್ಲ’ ಎಂದವನನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ಸ್ವಾರಸ್ಯವೆಂದರೆ, ಈ ಎರಡನೆಯ ಮಾತಿನಲ್ಲಿ ತರ್ಕಶಾಸ್ತ್ರದ ದೃಷ್ಟಿಯಿಂದ ಯಾವ ವಿರೋಧವೂ ಇಲ್ಲ. ಹೊರಗೆ ಮಳೆ ಸುರಿಯುತ್ತಿರುವಾಗ ಒಳಗೆ ಕುಳಿತವನಿಗೆ ಅದರ ನಂಬಿಕೆ ಇಲ್ಲದಿರುವುದು ಖಂಡಿತ ಸಾಧ್ಯ. ಆದರೆ ಅದನ್ನು ಅವನೇ ಬಾಯಿಬಿಟ್ಟು ಹೇಳಲಾರ. 1944ರಲ್ಲಿ ಇದನ್ನು ತಿಳಿದ ವಿಟ್ಗೆನ್‌ಸ್ಟೈನ್ ಮೆಚ್ಚಿ ಮೂರ್ ಅವರಿಗೆ ಕಾಗದ ಬರೆದರು. ಅವರ ಮರಣಾನಂತರ 1953ರಲ್ಲಿ ಪ್ರಕಟವಾದ ಗ್ರಂಥದಲ್ಲೂ ಈ ಚರ್ಚೆ ಬರುತ್ತದೆ. ‘ತಪ್ಪಾಗಿ ನಂಬು’ ಎಂಬರ್ಥದ ಕ್ರಿಯಾಪದವೊಂದು ಇದ್ದರೂ ಉತ್ತಮ ಪುರುಷದ ವರ್ತಮಾನ ಕಾಲದಲ್ಲಿ ಅದಕ್ಕೆ ಕೆಲಸವಿರದು ಎಂಬುದು ಅವರ ಅಭಿಪ್ರಾಯ. ಕನ್ನಡದಲ್ಲೂ ‘ತಪ್ಪು ತಿಳಿದಿದ್ದೆ’ ಎನ್ನಬಹುದು, ‘ತಪ್ಪು ತಿಳಿದಿದ್ದಾನೆ’ ಎನ್ನಬಹುದು. ‘ಈಗ ತಪ್ಪು ತಿಳಿಯುತ್ತಿದ್ದೇನೆ’ ಎಂದು ಯಾರು ಹೇಳಿಯಾರು?

‘ನೋ’, ಅಂದರೆ ‘ಅರಿ’ ಎಂಬ ಕ್ರಿಯಾಪದದ ಗತ್ತೇ ಬೇರೆ. ‘ರಾಮ ಊರಲ್ಲಿರುವುದು ಸೀತೆಗೆ ಗೊತ್ತು’ ಎಂದರೂ ‘ಗೊತ್ತಿಲ್ಲ’ ಎಂದರೂ ರಾಮ ಊರಲ್ಲಿರುವುದಂತೂ ನಿಜ. ‘ನೋ’ ಎಂದವನು ವಿಷಯದ ಸತ್ಯಕ್ಕೆ ತಾನೇ ಜಾಮೀನು ನಿಲ್ಲುತ್ತಾನೆ. ‘ಬಿಲೀವ್’ ಎಂದವನು ನಿಲ್ಲುವುದಿಲ್ಲ. ಪಾಲ್ ಮತ್ತು ಕ್ಯಾರಲ್ ಕಿಪಾರ್‌ಸ್ಕಿ 1970ರಲ್ಲಿ ಪ್ರಕಟಿಸಿದ ಪ್ರಬಂಧದ ನಂತರ ಈ ವಿಂಗಡಣೆ ಭಾಷಾವಿಜ್ಞಾನದಲ್ಲಿ ನೆಲೆಯೂರಿತು.

ಈ ವ್ಯತ್ಯಾಸವೆಲ್ಲ ಪಂಡಿತರ ಕಾಲಹರಣ ಎನ್ನುವವರು ಒಮ್ಮೆ ಸಾಕ್ಷಿಕಟ್ಟೆಯತ್ತ ನೋಡಬೇಕು. 1860ರ ಭಾರತೀಯ ದಂಡ ಸಂಹಿತೆಯ 191ನೆಯ ಕಲಮು ಸುಳ್ಳುಸಾಕ್ಷ್ಯಕ್ಕೆ ಸಂಬಂಧಿಸಿದ್ದು. 2024ರ ಜುಲೈ 1ರಂದು ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತಾದರೂ ಈ ಭಾಗದ ಹುರುಳು ಹಾಗೆಯೇ ಉಳಿದಿದೆ. ಅಲ್ಲಿನ ವಿವರಣೆಯ ಪ್ರಕಾರ, ನಂಬದಿರುವುದನ್ನು ನಂಬುತ್ತೇನೆ ಎನ್ನುವುದೂ ಸುಳ್ಳುಸಾಕ್ಷ್ಯ, ಅರಿಯದಿರುವುದನ್ನು ಅರಿತಿದ್ದೇನೆ ಎನ್ನುವುದೂ ಸುಳ್ಳುಸಾಕ್ಷ್ಯ. ಜೊತೆಗೆ ಕೊಟ್ಟಿರುವ ದೃಷ್ಟಾಂತಗಳು ಯಾವ ವ್ಯಾಕರಣ ಪಾಠಕ್ಕೂ ಕಡಿಮೆಯಿಲ್ಲ. ಒಬ್ಬನ ಕೈಬರಹದ ಪರಿಚಯ ಇರುವ ಸಾಕ್ಷಿಯು ಒಂದು ಸಹಿಯನ್ನು ನೋಡಿ, ಅದು ಅವನದೇ ಎಂದು ನಂಬುತ್ತೇನೆ ಎಂದು ಪ್ರಾಮಾಣಿಕವಾಗಿ ಹೇಳುತ್ತಾನೆ. ಸಹಿ ಬೇರೆಯವರದೆಂದು ಆಮೇಲೆ ಗೊತ್ತಾದರೂ ಆತ ತಪ್ಪಿತಸ್ಥನಲ್ಲ. ಅವನು ಹೇಳಿದ್ದು ತನ್ನ ನಂಬಿಕೆಯನ್ನು, ಆ ನಂಬಿಕೆ ನಿಜವಾಗಿಯೂ ಇತ್ತು. ಇನ್ನೊಬ್ಬ ಸಾಕ್ಷಿಯು, ಇಂಥವನು ಇಂಥ ದಿನ ಇಂಥ ಸ್ಥಳದಲ್ಲಿದ್ದದ್ದು ತನಗೆ ಗೊತ್ತು ಎನ್ನುತ್ತಾನೆ. ವಾಸ್ತವವಾಗಿ ಅವನಿಗೆ ಏನೂ ಗೊತ್ತಿಲ್ಲ. ಆ ಮನುಷ್ಯ ಅಂದು ಅಲ್ಲಿಯೇ ಇದ್ದನೆಂದು ರುಜುವಾತಾದರೂ ಸಾಕ್ಷಿ ಹೇಳಿದ್ದು ಸುಳ್ಳೇ! ನಿಲ್ದಾಣದಲ್ಲಿ ಬರಿಯ ಎಚ್ಚರಿಕೆಯಾಗಿದ್ದ ಎರಡು ಪದಗಳು ಪ್ರಮಾಣ ಮಾಡಿದ ಮೇಲೆ ಪೂರ್ತಿ ತೂಕ ಪಡೆಯುತ್ತವೆ. ಪ್ರಮಾಣಪತ್ರಗಳ ವಿಷಯದಲ್ಲೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇದೇ ಗೆರೆಯನ್ನು ಎಳೆಯುತ್ತದೆ: ಸ್ವಂತ ಅರಿವಿನಿಂದ ರುಜುವಾತುಪಡಿಸಬಲ್ಲ ಸಂಗತಿಗಳನ್ನು ಮಾತ್ರ ಹೇಳಬೇಕು; ಮಧ್ಯಂತರ ಅರ್ಜಿಗಳಲ್ಲಿ ನಂಬಿಕೆಯ ಮಾತಿಗೆ ಅವಕಾಶವುಂಟು, ಆದರೆ ನಂಬಿಕೆಗೆ ಆಧಾರವೇನೆಂದು ಬರೆಯಬೇಕು.

ಕನ್ನಡದಲ್ಲಿ ನುಡಿದ ಸಾಕ್ಷ್ಯ ಮೇಲ್ಮನವಿಗಾಗಿ ಇಂಗ್ಲಿಷಿಗೆ ಇಳಿಯುವಾಗ ತೊಡಕು ಬರುವುದು ಇಲ್ಲಿಯೇ. ಕನ್ನಡ ಈ ಭೇದವನ್ನು ಬೇರೆ ಬೇರೆ ಕ್ರಿಯಾಪದಗಳಿಂದ ಮಾತ್ರ ತೋರಿಸುವ ಭಾಷೆಯಲ್ಲ, ವಿಭಕ್ತಿಯಿಂದಲೂ ತೋರಿಸುತ್ತದೆ. ‘ನನಗೆ ಹೀಗನಿಸುತ್ತದೆ’ ಎನ್ನುವಾಗ ‘ನಾನು’ ಕರ್ತೃವಾಗಿ ನಿಲ್ಲುವುದಿಲ್ಲ, ಅನಿಸಿಕೆ ತಾನಾಗಿ ಬಂದು ತಟ್ಟುತ್ತದೆ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಶೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ‘ಮೀಥಿಂಕ್ಸ್’ ಎಂಬ ಪದದ ‘ಮೀ’ಗೆ ‘ನನಗೆ’ ಎಂದೇ ಅರ್ಥ. ‘ತೋರು’ ಎಂಬರ್ಥದ ಹಳೆಯ ಧಾತು ‘ಯೋಚಿಸು’ ಎಂಬರ್ಥದ ಇನ್ನೊಂದರೊಡನೆ ಬೆರೆತುಹೋದ ಮೇಲೆ ಉಳಿದದ್ದು ‘ಐ ಥಿಂಕ್’. ಕನ್ನಡ ಆ ಸೌಲಭ್ಯವನ್ನು ಬಿಟ್ಟುಕೊಟ್ಟಿಲ್ಲ. ‘ಅದು ಅವನ ಸಹಿ ಎಂಬುದು ನನಗೆ ತಿಳಿದಿತ್ತು’ ಎಂದು ಸಾಕ್ಷಿ ಹೇಳಿದರೆ ಅದು ಅರಿವು, ಇಂಗ್ಲಿಷಿನ ‘ನೋ’. ‘ಅದು ಅವನ ಸಹಿ ಎಂದು ತಿಳಿದಿದ್ದೆ’ ಎಂದರೆ ಸಾಮಾನ್ಯವಾಗಿ ಅದು ಭಾವನೆ, ಇಂಗ್ಲಿಷಿನ ‘ಥಿಂಕ್’ ಅಥವಾ ‘ಬಿಲೀವ್’. ಎರಡರಲ್ಲೂ ಇರುವುದು ‘ತಿಳಿ’ ಎಂಬ ಒಂದೇ ಧಾತು. ಭಾಷಾಂತರಕಾರ ಅವಸರದಲ್ಲಿ ಎರಡಕ್ಕೂ ‘ಐ ನ್ಯೂ’ ಎಂದು ಬರೆದರೆ, ಹಳ್ಳಿಯ ಸಾಕ್ಷಿ ಹೊರದ ಹೊಣೆಯೊಂದು ಅವನ ಹೆಗಲಿಗೆ ಬೀಳುತ್ತದೆ. ಪಾಟೀಸವಾಲಿನಲ್ಲಿ ವಕೀಲರು ಹಿಡಿದೆಳೆಯುವುದು ಆ ಒಂದು ಪದವನ್ನೇ.