ಬೀದಿಯ ಹೊಣೆ ಯಾರದು?



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ದುಡಿಮೆಯನ್ನರಸಿ ಬೆಂಗಳೂರಿಗೆ ಹೋದ ಯುವಜನರು ನಮ್ಮವರೇ. ದುಡಿದು ದಣಿದ ಸಂಜೆ ಅವರು ಅಲ್ಲಿ ನಿರ್ಭಯವಾಗಿ ನಾಲ್ಕು ಹೆಜ್ಜೆ ನಡೆದಾಡಬಲ್ಲರೇ ಎಂಬುದು ಹೆತ್ತವರಾದ ನಮ್ಮೆಲ್ಲರ ಚಿಂತೆ. ಆದುದರಿಂದ ಆ ನಗರದ ಒಂದು ಬೀದಿಯ ವೃತ್ತಾಂತವನ್ನು ಈ ಶತಮಾನೋತ್ಸವದ ವೇದಿಕೆಯಲ್ಲಿ ವಿಚಾರಿಸುವುದು ಅಪ್ರಸ್ತುತವಾಗದೆಂದು ಭಾವಿಸುತ್ತೇವೆ.

ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಸಾಗುವ ಚರ್ಚ್ ಸ್ಟ್ರೀಟ್ ಪುಸ್ತಕದಂಗಡಿ, ಹೋಟೆಲು, ಪಾನಗೃಹಗಳ ಬೀದಿ. 2014ರ ಡಿಸೆಂಬರ್ 28ರಂದು ಅಲ್ಲಿ ಬಾಂಬು ಸಿಡಿದು ಮಹಿಳೆಯೊಬ್ಬರು ಅಸುನೀಗಿದರು. 2016ರ ಕೊನೆಯ ರಾತ್ರಿ, ಹೊಸವರ್ಷದ ಜನಜಂಗುಳಿಯಲ್ಲಿ, ಆಸುಪಾಸಿನ ರಸ್ತೆಗಳಲ್ಲಿ ಹೆಣ್ಣುಮಕ್ಕಳ ಮಾನಕ್ಕೆ ಕುಂದು ತಂದ ಘಟನೆಗಳ ವರದಿಗಳು ನಾಡೇ ತಲೆತಗ್ಗಿಸುವಂತೆ ಮಾಡಿದವು.

ತಂತಿ ಕೊಳವೆಗಳನ್ನು ನೆಲದಡಿ ಸೇರಿಸಿ, ಮೇಲೆ ಕಲ್ಲು ಹಾಸಿ, ಹೊಸದಾಗಿ ಕಟ್ಟಿದ ಬೀದಿ 2018ರಲ್ಲಿ ಉದ್ಘಾಟನೆಗೊಂಡಿತು. 2020ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ಶನಿವಾರ, ಭಾನುವಾರಗಳಂದು ವಾಹನಗಳನ್ನು ತಡೆದು ಅದನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಆದರೆ ಕಟ್ಟಿದ ಮಾತ್ರಕ್ಕೆ ಬೀದಿ ಉಳಿಯುವುದಿಲ್ಲ. ವಾಹನಗಳ ಭಾರಕ್ಕೆ ಕಲ್ಲುಗಳು ಕಿತ್ತುಬಂದವು. ಅನಂತರ ನಾಗರಿಕ ಸಂಸ್ಥೆಯೊಂದು ಪಾಲಿಕೆಯೊಡನೆ ಕೈಜೋಡಿಸಿ ದುರಸ್ತಿ, ನಿರ್ವಹಣೆಗೆ ಮುಂದಾಯಿತು.

ಯೇಸುಸ್ವಾಮಿಯವರು ಹೇಳಿದ ದಯಾಳು ಸಮಾರಿತನ ಸಾಮತಿಯೂ ಒಂದು ದಾರಿಯ ಕಥೆಯೇ ಅಲ್ಲವೇ? ಆತ ಗಾಯಕ್ಕೆ ಎಣ್ಣೆ ಸುರಿದು ಹೊರಟುಹೋಗಲಿಲ್ಲ. ಛತ್ರದವನ ಕೈಗೆ ಎರಡು ನಾಣ್ಯವನ್ನಿತ್ತು, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟನು. ಮರಳಿ ಬರುವವನಿದ್ದಾಗಲೇ ಉಪಕಾರ ಪೂರ್ಣವಾಗುವುದು.

ಈ ಮಾತು ನಮ್ಮ ಊರುಗಳಿಗೂ ಸಲ್ಲುತ್ತದೆ. ಆಳಂದದ ಲಾಡ್ಲೇ ಮಶಾಕ್ ದರ್ಗಾದ ಉರುಸಿಗೆ, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಜಾತ್ರೆಗೆ, ಜೇವರ್ಗಿಯ ಸಂತೆಗೆ ಸಕಲ ಮತದವರೂ ಬರುತ್ತಾರೆ. ಅಲ್ಲಿ ರಾತ್ರಿ ದೀಪವಿದೆಯೇ, ಹೆಂಗಸರಿಗೆ ಶೌಚಾಲಯವಿದೆಯೇ, ತಪ್ಪಿಸಿಕೊಂಡ ಮಗುವನ್ನು ಕೈಹಿಡಿದು ಒಪ್ಪಿಸುವವರಿದ್ದಾರೆಯೇ? ಅಂಗಡಿಕಾರರು, ಪಂಚಾಯಿತಿ, ಪೊಲೀಸರು, ಎಲ್ಲ ಮತಗಳ ತರುಣರು ಕೂಡಿದರೆ ಇವು ಅಸಾಧ್ಯವಲ್ಲ. ಅಂದಗೊಳಿಸುವ ಹೆಸರಿನಲ್ಲಿ ತಳ್ಳುಗಾಡಿಯ ಬಡವನನ್ನು ಹೊರಗಟ್ಟದಂತೆಯೂ ಎಚ್ಚರ ವಹಿಸಬೇಕು.

ನಮ್ಮ ಧರ್ಮಕೇಂದ್ರದ ಯುವಜನರು ಈ ಸೇವೆಗೆ ಮೊದಲು ಹೆಸರು ಕೊಡಲಿ. ಕೊಟ್ಟವರು ಮರುವರ್ಷವೂ ಮರಳಿ ಬರಲಿ. ನೂರು ವರ್ಷ ನಮ್ಮನ್ನು ಕಾಪಾಡಿದ ದೇವರು ಅದಕ್ಕೆ ಬಲ ನೀಡಲೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.